ಆಂಪ್ಲಿಫೈಯರ್ ಮೇಲಿನ ದೋಸೆ ಹಿಟ್ಟು

ನವೆಂಬರ್ ಒಂಬತ್ತು, ಭಾನುವಾರ. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಬರೆಯಲು ಕೂತಿದ್ದೇನೆ. ನೊಯ್ಡಾದ ನನ್ನ ಬಾಡಿಗೆ ಕೋಣೆಯಲ್ಲಿ, ಮಂಚಕ್ಕೂ ಕಿಟಕಿಗೂ ನಡುವೆ, ಒಂದು ಹಳೆಯ ವಾಲ್ವ್ ಆಂಪ್ಲಿಫೈಯರ್ ಇದೆ. ಹಿಂಬದಿಯ ಹಲಗೆ ಬಿಚ್ಚಿ ಗೋಡೆಗೆ ಒರಗಿಸಿದ್ದೇನೆ. ಒಳಗೆ ಕತ್ತರಿಸಿದ ಒಂದು ತಂತಿ ಕಾಣುತ್ತದೆ. ಅದನ್ನು ಜೋಡಿಸು ಎಂದು ಇಮ್ರಾನ್ ಮೂರು ವಾರದಿಂದ ಜೀವ ತಿನ್ನುತ್ತಿದ್ದಾನೆ. ಶೆರಿಲ್ ಬೇಡ ಅನ್ನುತ್ತಾಳೆ. ಪೆಟ್ಟಿಗೆಯನ್ನು ನಮಗೆ ಬಿಟ್ಟುಹೋದವರನ್ನೇ ಕೇಳೋಣವೆಂದರೆ ಅವರ ಫೋನು ಮಾರ್ಚ್ ಕೊನೆಯಿಂದ ಬಂದಾಗಿದೆ. ಆರ್.ಕೆ.ಪುರಂನಲ್ಲಿ ಅವರಿದ್ದ ಕ್ವಾರ್ಟರ್ಸಿನ ಸಾಲನ್ನು ಕೆಡವಲಿಕ್ಕೆ ಸುತ್ತಲೂ ತಗಡು ಕಟ್ಟಿದ್ದಾರೆ.

ಅವರ ಹೆಸರು ಬರೆಯುವುದಿಲ್ಲ. ನಾನು ಬರೆಯಲಿರುವುದರಲ್ಲಿ ಅರ್ಧ ಅನುಮಾನ. ಸಾಬೀತಾಗದ ಅನುಮಾನದ ಪಕ್ಕ ಒಬ್ಬರ ಹೆಸರು ಇಡುವುದು ಸರಿಯಲ್ಲ. ನಾವು ಮೂವರೂ ಅವರನ್ನು ಸರ್ ಎನ್ನುತ್ತಿದ್ದೆವು. ಅಷ್ಟು ಸಾಕು.

ಮೂವರು ಎಂದರೆ ಇಮ್ರಾನ್, ಶೆರಿಲ್ ಮತ್ತು ನಾನು. ಇಮ್ರಾನ್ ಧಾರವಾಡದವನು, ಗುರುಗ್ರಾಮದ ಒಂದು ಕಂಪನಿಯಲ್ಲಿ ಕೆಲಸ, ಗಿಟಾರು ಅವನದು. ಶೆರಿಲ್ ಮಂಗಳೂರಿನವಳು, ಇಲ್ಲಿಯ ವಿಶ್ವವಿದ್ಯಾಲಯವೊಂದರಲ್ಲಿ ಸಂಶೋಧನೆ ಮಾಡುತ್ತಾಳೆ. ಹಾಡುವವಳು ಅವಳು. ನಾನು ಬೇಸ್ ಗಿಟಾರು ಹಿಡಿಯುತ್ತೇನೆ, ಅಂದರೆ ಯಾರಿಗೂ ಕೇಳಿಸದ, ಆದರೆ ನಿಂತರೆ ಎಲ್ಲರಿಗೂ ಗೊತ್ತಾಗುವ ಕೆಲಸ. ಡ್ರಮ್ಸ್ ಬಾರಿಸುವವರು ಸಿಗಲಿಲ್ಲ, ತಾಳ ನನ್ನ ಲ್ಯಾಪ್‌ಟಾಪಿನಿಂದ ಬರುತ್ತಿತ್ತು.

ನಾವು ನುಡಿಸುತ್ತಿದ್ದದ್ದು ಅಮೆರಿಕದ ಕಪ್ಪು ಜನರ ಹಳೆಯ ಸೋಲ್ ಹಾಡುಗಳು. ಮೂಲದಲ್ಲಿ ಅವಕ್ಕೆ ತುತ್ತೂರಿಗಳ ಸಾಲಿರುತ್ತದೆ, ಪಿಯಾನೊ ಇರುತ್ತದೆ. ನಮ್ಮಲ್ಲಿ ಅದೆಲ್ಲ ಇಲ್ಲದ್ದರಿಂದ ಇಮ್ರಾನ್ ಅವನ್ನು ಬ್ಲೂಸ್-ರಾಕ್‌ಗೆ ತಿರುಗಿಸಿಕೊಂಡಿದ್ದ. ತೊಂದರೆ ಅಲ್ಲಿಂದಲೇ ಶುರು. ಸೋಲ್ ಹಾಡುವವರ ಸಂಗೀತ, ಬ್ಲೂಸ್-ರಾಕ್ ಗಿಟಾರಿನವರ ಸಂಗೀತ. ಎರಡನ್ನೂ ಒಂದೇ ಕೋಣೆಯಲ್ಲಿ ಕೂರಿಸಿದರೆ ಗಂಟಲು ಸೋಲುತ್ತದೆ, ಯಾಕೆಂದರೆ ಗಂಟಲಿಗೆ ತಿರುಗಿಸುವ ಗುಂಡಿ ಇಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಎಲೆಕ್ಟ್ರಿಕ್ ಗಿಟಾರಿಗೆ ತನ್ನದೇ ದನಿ ಇಲ್ಲ, ಸೊಳ್ಳೆಯಷ್ಟು ಗುಂಯ್‌ಗುಡುತ್ತದೆ. ಅದಕ್ಕೆ ದನಿ ಕೊಡುವುದು ಆಂಪ್ಲಿಫೈಯರ್. ಹಳೆಯ ಕಾಲದವುಗಳಲ್ಲಿ ಗಾಜಿನ ವಾಲ್ವುಗಳಿರುತ್ತವೆ, ಕೆಂಡದ ಹಾಗೆ ಹೊಳೆಯುತ್ತವೆ, ಚೆನ್ನಾಗಿ ಬಿಸಿಯಾಗುತ್ತವೆ. ಅವುಗಳನ್ನು ಜೋರಾಗಿ ದುಡಿಸಿದಾಗ ದನಿ ಸ್ವಲ್ಪ ಒಡೆಯುತ್ತದೆ, ಒರಟಾಗುತ್ತದೆ. ಆ ಒರಟಿಗಾಗಿಯೇ ಗಿಟಾರಿನವರು ಪ್ರಾಣ ಬಿಡುತ್ತಾರೆ. ಮೆಲ್ಲಗೆ ನುಡಿಸಿದರೆ ಅದು ಬರುವುದಿಲ್ಲ. ಹಾಗಾಗಿ ಗಿಟಾರಿನವನಿಗೆ ‘ಕಮ್ಮಿ ಮಾಡು’ ಎಂದರೆ ಅವನ ಕಿವಿಗೆ ಅದು ‘ಕೆಟ್ಟದಾಗಿ ನುಡಿಸು’ ಎಂದೇ ಬೀಳುತ್ತದೆ.

ಹೋದ ವರ್ಷದ ರಾಜ್ಯೋತ್ಸವಕ್ಕೆ ಕನ್ನಡಿಗರ ಒಂದು ಕೂಟದಲ್ಲಿ ನಮಗೆ ಹದಿನೈದು ನಿಮಿಷ ಕೊಟ್ಟಿದ್ದರು. ಭಾವಗೀತೆ ಕೇಳಲು ಬಂದವರ ಎದುರು ಇಮ್ರಾನ್ ಬಾಡಿಗೆ ಆಂಪ್ಲಿಫೈಯರನ್ನು ಪೂರಾ ಎತ್ತಿದ. ಮೂರನೆಯ ಹಾಡಿನ ಎತ್ತರದ ಸಾಲಿನಲ್ಲಿ ಶೆರಿಲ್ ದನಿ ಬಟ್ಟೆ ಹರಿದ ಹಾಗೆ ಹರಿಯಿತು. ಚಪ್ಪಾಳೆ ಏನೋ ಬಿತ್ತು. ಕೆಳಗಿಳಿದಾಗ ಸ್ವೆಟರಿನ ಮೇಲೆ ಹೆಗಲಿಗೆ ಶಾಲು ಹೊದ್ದ, ಅರವತ್ತರ ಹತ್ತಿರದ ಒಬ್ಬರು ಕಾಗದದ ಲೋಟದಲ್ಲಿ ಚಹಾ ಹಿಡಿದು ನೇರ ಇಮ್ರಾನನ ಹತ್ತಿರ ಬಂದರು.

“ಎಷ್ಟು ವರ್ಷದಿಂದ ನುಡಿಸ್ತಿದೀಯಪ್ಪಾ?”

“ಹತ್ತ್ ವರ್ಷ ಆತ್ರಿ ಸರ್.”

“ಅದರಲ್ಲಿ ಎಷ್ಟು ಸಲ ನಿಲ್ಸಿದೀಯ?”

ಇಮ್ರಾನ್ ನಕ್ಕ. ಅವರು ನಗಲಿಲ್ಲ. ಶೆರಿಲ್ ಕಡೆ ತಿರುಗಿ, “ನಾಳೆ ಮಾತಾಡ್ಬೇಡ ಮಗಳೇ. ನಾಡಿದ್ದೂ ಬೇಡ. ಡಾಕ್ಟರಿಗೆ ತೋರಿಸು” ಎಂದರು.

ಡಾಕ್ಟರು ಕ್ಯಾಮೆರಾ ಬಿಟ್ಟು ನೋಡಿ ಧ್ವನಿತಂತುವಿನ ಮೇಲೆ ಒಂದು ಸಣ್ಣ ಗಂಟು ಇದೆ ಎಂದರು. ಮೆಲ್ಲಗೆ ಹಾಡಬಹುದು, ಕಿರುಚಬಾರದು. ಮತ್ತೊಮ್ಮೆ ಹರಿಸಿಕೊಂಡರೆ ಆಪರೇಷನ್. ಆಮೇಲೆ ಬರುವ ದನಿ ಇದೇ ಇರುತ್ತದೆಂಬ ಭರವಸೆ ಇಲ್ಲ. ಶೆರಿಲ್ ಇದನ್ನು ಮನೆಗೆ ಹೇಳಲಿಲ್ಲ. ನಮಗೆ ಹೇಳಿದಳು. ಇಮ್ರಾನ್ ತಲೆ ಮೇಲೆ ಕೈಯಿಟ್ಟು ಆಣೆ ಮಾಡಿದ. ಆಣೆಯ ನಂತರದ ಅಭ್ಯಾಸದಲ್ಲಿ ಎರಡು ಹಾಡು ತಣ್ಣಗೆ ನುಡಿಸಿ ಮೂರನೆಯದಕ್ಕೆ ಮತ್ತೆ ಗುಂಡಿ ತಿರುಗಿಸಿದ. ಅವನು ಕೆಟ್ಟವನಲ್ಲ. ತಾನು ತಿರುಗಿಸಿದ್ದು ಅವನಿಗೇ ನೆನಪಿರುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ಆ ಶಾಲಿನವರು, ಅಂದರೆ ಸರ್, ಕೂಟದವರಿಂದ ನಂಬರು ಪಡೆದು ಫೋನು ಮಾಡಿ ತಮ್ಮ ಮನೆಗೆ ಕರೆದರು. “ವಾಲ್ವ್ ಆಂಪ್ಲಿಫೈಯರ್ ಇದೆ. ಭಾನುವಾರ ಹತ್ತಕ್ಕೆ ಬನ್ನಿ. ದೋಸೆನೂ ಇರತ್ತೆ.” ವಾಲ್ವ್ ಎಂಬ ಮಾತಿಗೆ ಇಮ್ರಾನ್ ಬಿದ್ದ. ದೋಸೆಗೆ ನಾನು ಬಿದ್ದೆ. ಶೆರಿಲ್ ಯಾಕೆ ಬಂದಳೋ ಅವಳೇ ಹೇಳಬೇಕು.

ಅವರು ಒಬ್ಬರೇ ಇದ್ದರು. ‘ಮನೆಯವರು ಮೈಸೂರಲ್ಲಿ’ ಎನ್ನುತ್ತಿದ್ದರು. ಯಾವ ಇಲಾಖೆ ಎಂದರೆ ‘ಫೈಲು ಇಲಾಖೆ’. ಮುಂದಿನ ಕೋಣೆಯಲ್ಲಿ ಸೋಫಾ ಇಲ್ಲ, ಟಿ.ವಿ. ಇಲ್ಲ. ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಹೊಟ್ಟೆ ಟೊಳ್ಳಿರುವ ಒಂದು ಹಳೆಯ ಗಿಟಾರು, ಗೋಡೆಗೆ ಒತ್ತಿಕೊಂಡು ಆ ಆಂಪ್ಲಿಫೈಯರ್, ಅದರ ಮುಂದಿನ ಜಾಲರಿಯೊಳಗೆ ವಾಲ್ವುಗಳ ಕೆಂಪು ಹೊಳಪು. ಅದರ ತಲೆಯ ಮೇಲೆ ಹಳೆಯ ಟವೆಲು, ಟವೆಲಿನ ಮೇಲೆ ಸ್ಟೀಲಿನ ಡಬರಿಯಲ್ಲಿ ದೋಸೆ ಹಿಟ್ಟು.

ದೆಹಲಿಯ ಚಳಿಯಲ್ಲಿ ಹಿಟ್ಟು ಉಬ್ಬುವುದಿಲ್ಲ ಎಂಬುದು ಇಲ್ಲಿಯ ಕನ್ನಡಿಗರ ಮನೆಮನೆಯ ಗೋಳು. ಕೆಲವರು ಕಂಬಳಿ ಹೊದಿಸುತ್ತಾರೆ, ಕೆಲವರು ಗೀಸರಿನ ಪಕ್ಕ ಇಡುತ್ತಾರೆ. ಇವರು ಹಿಂದಿನ ದಿನವೇ ರುಬ್ಬಿ, ಕೊನೆಯ ಉಬ್ಬಿಗೆ ನಮ್ಮನ್ನು ಕಾಯುತ್ತಿದ್ದರು. “ಇಮ್ರಾನ್ ಎರಡು ಗಂಟೆ ನುಡಿಸಿದರೆ ಹಿಟ್ಟು ಮುಚ್ಚಳ ಎತ್ತತ್ತೆ” ಎನ್ನುತ್ತಿದ್ದರು. ಅದು ನಿಜವೇ ಆಗಿತ್ತು. ಆಗ ಅದನ್ನು ನಾನು ತಮಾಷೆ ಎಂದುಕೊಂಡಿದ್ದೆ.

ಕಲಿಸುವ ಅವರ ರೀತಿ ಬೇರೆ. ಇಮ್ರಾನನ ಕೈಯಲ್ಲಿರುವ ಗಿಟಾರನ್ನು ಅವರು ಎಂದೂ ಮುಟ್ಟಲಿಲ್ಲ. “ಇದು ಮೂಲದಲ್ಲಿ ತುತ್ತೂರಿಯವರ ಜಾಗ. ಅವರಿಗೆ ಉಸಿರು ಬೇಕು, ಊದಿ ನಿಲ್ಲಿಸ್ತಾರೆ. ನಿನಗೆ ಉಸಿರು ಬೇಡ ನೋಡು, ಅದಕ್ಕೇ ನಿಲ್ಲಲ್ಲ ನೀನು. ಬಾಯಲ್ಲಿ ಊದ್ತಾ ನುಡಿಸು” ಎಂದು ಅವನು ಕೆನ್ನೆ ಉಬ್ಬಿಸಿಕೊಂಡು ನುಡಿಸುವ ಹಾಗೆ ಮಾಡಿದರು. ಇಮ್ರಾನ್ ಕೆಂಪಾಗಿ ಕೂತು ಪೂ ಪೂ ಎಂದು ಊದುತ್ತ ನುಡಿಸುವುದು ನೋಡಿ ಶೆರಿಲ್ ನೆಲದ ಮೇಲೆ ಉರುಳಿ ನಕ್ಕಳು. ಆದರೆ ಆ ದಿನ ಮೊದಲ ಬಾರಿಗೆ ಅವಳ ಸಾಲಿನ ಸುತ್ತ ಜಾಗ ಬಿದ್ದಿತ್ತು.

ಅವಳು ಎತ್ತರದ ಸಾಲಿಗೆ ಬರುವ ಮುಂಚೆ ಅವರ ಬಲಗೈ ತಾನಾಗಿ ಮೇಲೇಳುತ್ತಿತ್ತು, ಟ್ರಾಫಿಕ್ ಪೊಲೀಸರ ಹಾಗೆ. ಕಣ್ಣು ಎಲ್ಲೋ ಕಿಟಕಿಯಾಚೆ ಇರುತ್ತಿತ್ತು. “ಗಂಟಲು ಬಟ್ಟೆ ಅಲ್ಲ, ಹೊಲಿಗೆ ಹಾಕೋಕಾಗಲ್ಲ” ಎಂಬುದು ಅವರ ಗಾದೆ. ನಾನು ಪ್ರತಿ ಅಭ್ಯಾಸವನ್ನೂ ತಾರೀಖಿನ ಸಹಿತ ಬರೆದಿಡುವುದು ನೋಡಿ ನನಗೆ ‘ಲೆಕ್ಕಪ್ಪ’ ಎಂದು ಹೆಸರಿಟ್ಟರು. “ಬಾರೋ ಲೆಕ್ಕಪ್ಪ, ಇವತ್ತು ನನ್ನ ಖಾತೇಲಿ ಎಷ್ಟು ಪಾಪ ಬಂತು?”

ಪಾಪವಲ್ಲ, ಬೇರೆ ಕೆಲವು ಅನುಮಾನಗಳು ಆ ಖಾತೆಗೆ ಬಂದಿದ್ದವು.

ಆಂಪ್ಲಿಫೈಯರ್ ಎಲ್ಲಿಂದ ಬಂತು ಎಂದು ಇಮ್ರಾನ್ ಕೇಳಿದ್ದಕ್ಕೆ ಮೊದಲ ಸಲ, ಊರಿಗೆ ಮರಳಿದ ಯಾವುದೋ ರಾಯಭಾರ ಕಚೇರಿಯವರು ಮಾರಿದ್ದು ಎಂದರು. ಎರಡನೆಯ ಸಲ, ತಾವೇ ಹಳೇ ರೇಡಿಯೊ ಬಿಡಿಭಾಗಗಳಿಂದ ಕಟ್ಟಿದ್ದು ಎಂದರು. ಮೂರನೆಯ ಸಲ ಹೋಟೆಲೊಂದರ ಬ್ಯಾಂಡಿನಲ್ಲಿ ನುಡಿಸುತ್ತಿದ್ದಾಗ ಸಂಬಳದ ಬದಲು ಸಿಕ್ಕಿತು ಎಂದರು. ಮೂರೂ ಒಂದೇ ತಿಂಗಳಲ್ಲಿ. ಸುಳ್ಳು ಹೇಳುವವರು ಸಾಮಾನ್ಯವಾಗಿ ತಮ್ಮ ಸುಳ್ಳನ್ನು ನೆನಪಿಟ್ಟುಕೊಳ್ಳುತ್ತಾರೆ. ಇವರಿಗೆ ಅದರ ಅಗತ್ಯವೂ ಇರಲಿಲ್ಲ.

ಹಿಂಬದಿಯ ಹಲಗೆಗೆ ಕೈ ಹಾಕುವಂತಿರಲಿಲ್ಲ. “ಒಳಗೆ ನೂರಾರು ವೋಲ್ಟ್ ಇರತ್ತೆ, ಸ್ವಿಚ್ ಆಫ್ ಮಾಡಿದ್ರೂ ಹೊಡಿಯತ್ತೆ.” ಇದು ವಾಲ್ವ್ ಆಂಪ್ಲಿಫೈಯರಿನ ವಿಷಯದಲ್ಲಿ ನಿಜ. ಆದರೆ ಶಾಕಿನ ಭಯಕ್ಕೆ ಹಲಗೆಯ ಮೇಲೆ ಹಸಿರು ಪರದೆ ಬಟ್ಟೆಯನ್ನೂ ಮೊಳೆ ಹೊಡೆದು ಬಿಗಿಯುವುದೇಕೆ? ಇನ್ನೊಂದು ಏನೆಂದರೆ, ಇಮ್ರಾನ್ ಗುಂಡಿ ತಿರುಗಿಸಿದರೆ ದನಿ ದಪ್ಪವಾಗುತ್ತಿತ್ತು, ಒರಟಾಗುತ್ತಿತ್ತು, ಆದರೆ ದೊಡ್ಡದಾಗುತ್ತಿರಲಿಲ್ಲ. ನಾನು ಹೇಳಿದಾಗ ಇಮ್ರಾನ್ ಕನಿಕರದಿಂದ ನೋಡಿದ.

“ನೀ ಬೇಸ್ ಹಿಡಿಯಾವ, ನಿನಗ ತಿಳಿಯಂಗಿಲ್ಲ ಬಿಡು. ಇದು ವಾಲ್ವ್. ಎದಿಗೆ ಬಡೀತದ, ಕಿವಿಗಲ್ಲ.”

ಎದೆಗೂ ಬಡಿಯುತ್ತಿರಲಿಲ್ಲ. ಬೇಸ್ ಹಿಡಿಯುವವನಿಗೆ ಇದೊಂದು ಗೊತ್ತಿರುತ್ತದೆ, ನಾವು ಅಂಗಾಲಿನಿಂದ ಕೇಳುತ್ತೇವೆ. ಆ ಕೋಣೆಯ ಮೊಸಾಯಿಕ್ ನೆಲ ಸತ್ತ ಹಾಗೆ ಇತ್ತು.

ಜನವರಿಯ ಒಂದು ಭಾನುವಾರ ಸರ್ ಕೊತ್ತಂಬರಿ ತರಲು ಕೆಳಗೆ ಇಳಿದರು. ಇಮ್ರಾನ್ ಕಣ್ಣು ಮುಚ್ಚಿ, ಗಿಟಾರೊಂದೇ ನುಡಿಯುವ ತನ್ನ ಉದ್ದನೆಯ ಭಾಗದಲ್ಲಿದ್ದ. ನಾನು ಮೊಣಕಾಲೂರಿ ಆಂಪ್ಲಿಫೈಯರಿನ ಮುಂದಿನ ಬಟ್ಟೆಯ ಮೇಲೆ, ದೊಡ್ಡ ಸ್ಪೀಕರು ಇರುವ ಜಾಗದಲ್ಲಿ, ಅಂಗೈ ಇಟ್ಟೆ. ಗೋಡೆ ಮುಟ್ಟಿದ ಹಾಗಿತ್ತು. ಅಷ್ಟು ಅಬ್ಬರದ ದನಿ ಬರುತ್ತಿರುವಾಗ ಆ ಜಾಗ ಗಾಳಿ ಬೀಸಬೇಕು, ಕೈ ಅದುರಬೇಕು. ಕೈಯನ್ನು ಕೆಳಗೆ, ಬಲ ಮೂಲೆಗೆ ಜರುಗಿಸಿದೆ. ಅಲ್ಲಿ ತಟ್ಟೆಯಗಲದ ಒಂದು ಜಾಗ ಮಾತ್ರ ಮೆಲ್ಲಗೆ ನಡುಗುತ್ತಿತ್ತು. ದೊಡ್ಡ ಪೆಟ್ಟಿಗೆಯ ಮೂಲೆಯಲ್ಲಿ ಒಂದು ಚಿಕ್ಕ ಪೆಟ್ಟಿಗೆ ಕೂತು ಹಾಡುತ್ತಿತ್ತು.

ತಲೆಯೆತ್ತಿದರೆ ಬಾಗಿಲಲ್ಲಿ ಸರ್. ಕೈಯಲ್ಲಿ ಕೊತ್ತಂಬರಿ ಕಟ್ಟು.

“ಏನು ಬಿತ್ತೋ ಲೆಕ್ಕಪ್ಪ?”

“ಪೆನ್ ಸರ್.”

“ಸಿಕ್ತಾ?”

“ಸಿಕ್ತು ಸರ್.”

ಅವರು ಒಂದು ಕ್ಷಣ ನನ್ನ ಬರಿಗೈ ನೋಡಿ ಒಳಗೆ ಹೋಗಿ ಕಾವಲಿ ಇಟ್ಟರು.

ವಾರವಿಡೀ ಯೋಚಿಸಿದೆ. ಚಿಕ್ಕ ಪೆಟ್ಟಿಗೆಯ ದನಿಯನ್ನು ದೊಡ್ಡ ವಾಲ್ವಿನದು ಎಂದು ತೋರಿಸಿ ಅವರಿಗೇನು ಲಾಭ? ನಮ್ಮಿಂದ ಒಂದು ಪೈಸೆ ತೆಗೆದುಕೊಂಡವರಲ್ಲ. ಲಾಭವಿಲ್ಲದ ಮೋಸ ನನಗೆ ಲಾಭವಿರುವುದಕ್ಕಿಂತ ಹೆಚ್ಚು ಹೆದರಿಕೆ ತರಿಸುತ್ತದೆ. ಇಮ್ರಾನನಿಗೆ ಹೇಳಿದರೆ ಅವತ್ತೇ ಬೇರೆ ಆಂಪ್ಲಿಫೈಯರ್ ತರುತ್ತಾನೆ. ಫೆಬ್ರವರಿಯಲ್ಲಿ ಗುರುಗ್ರಾಮದ ಒಂದು ರೆಸ್ಟೋರೆಂಟಿನ ತಾರಸಿಯಲ್ಲಿ ನಮ್ಮ ಕಾರ್ಯಕ್ರಮ ಗೊತ್ತಾಗಿತ್ತು. ಅಲ್ಲಿ ಅವನು ನಿಜವಾದ ಅಬ್ಬರ ಎಬ್ಬಿಸಿದರೆ ಶೆರಿಲ್ ಗಂಟಲಿನ ಗತಿ ಏನು? ಕೊನೆಗೆ ಮೆಟ್ರೋ ಗೇಟಿನ ಹೊರಗಿನ ಚಹಾದ ಗಾಡಿಯ ಹತ್ತಿರ ಶೆರಿಲ್‌ಗೆ ಹೇಳಿದೆ.

ಅವಳು ಸಮಾಧಾನ ಪಡುತ್ತಾಳೆ ಎಂದುಕೊಂಡಿದ್ದೆ. ಲೋಟ ಕೆಳಗಿಟ್ಟು, “ಎಂತ ಹೇಳ್ತಿದ್ದಿ ಮಾರಾಯ?” ಎಂದಳು. “ಅಂದ್ರೆ ಎರಡು ತಿಂಗಳಿಂದ ನಾನು ಸುಧಾರಿಸಿದ್ದೆ ಅಂತ ತಿಳ್ಕೊಂಡಿದ್ದು? ದೊಡ್ಡ ಆಂಪ್ಲಿಫೈಯರ್ ಎದುರು ಕಿರುಚದೆ ಹಾಡ್ಲಿಕ್ಕೆ ಬಂತು ಅಂತ ಖುಷಿ ಪಟ್ಟದ್ದು? ಎಲ್ಲ ಸುಳ್ಳಾ?”

“ಹಾಡಿದ್ದು ನೀನೇ ತಾನೆ?”

“ಚಿಕ್ಕ ಪೆಟ್ಟಿಗೆ ಎದುರು ಹಾಡಿದ್ದು! ಭಯ್ಯಾ, ಏಕ್ ಔರ್. ಸಕ್ಕರೆ ಬೇಡ ಇವನಿಗೆ.”

ಮರುವಾರ ಇಮ್ರಾನ್ ಬರುವುದಕ್ಕೆ ಅರ್ಧ ಗಂಟೆ ಮುಂಚೆ ಅವಳು ನನ್ನನ್ನು ಎಳೆದುಕೊಂಡು ಹೋದಳು. ಸರ್ ತೆಂಗಿನಕಾಯಿ ತುರಿಯುತ್ತಿದ್ದರು. ಅವಳು ಕೂರಲಿಲ್ಲ.

“ಸರ್, ದೊಡ್ಡ ಸ್ಪೀಕರ್ ಮಾತಾಡುದಿಲ್ಲ ಅಲ್ವಾ?”

ಅವರು ತುರಿಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದರು. “ಪೆನ್ನು ಸಿಕ್ತು ಅಂದಾಗಲೇ ಅಂದ್ಕೊಂಡೆ.”

“ಯಾಕೆ ಸರ್ ಹೀಗೆ ಮಾಡಿದ್ದು?”

“ಕಮ್ಮಿ ಮಾಡು ಅಂದ್ರೆ ಇಮ್ರಾನ್ ಮಾಡ್ತಿದ್ನಾ? ಚಿಕ್ಕ ಪೆಟ್ಟಿಗೆ ತೋರಿಸಿದ್ರೆ ನುಡಿಸ್ತಿದ್ನಾ? ಗಿಟಾರಿನೋರು ಕಣ್ಣಲ್ಲಿ ಕೇಳ್ತಾರಮ್ಮ. ಕೆಂಪಗೆ ಹೊಳೀತಾ ಇದ್ರೆ ಸಾಕು, ಕಿವಿ ತುಂಬತ್ತೆ.”

“ಗಂಟಲು ನನ್ನದು. ನನ್ನ ಹತ್ರ ಕೇಳ್ಬಹುದಿತ್ತಲ್ಲ?”

“ನಿನ್ನ ಕೇಳಿದ್ರೆ ‘ಪರವಾಗಿಲ್ಲ ಸರ್, ನನಗೇನಾಗಲ್ಲ’ ಅಂತಿದ್ದೆ. ಅವಳೂ ಅದನ್ನೇ ಅಂದಿದ್ದು.”

ಶೆರಿಲ್ ಅವರ ಎದುರಿಗೆ ಬಂದು ನಿಂತಳು.

“ಯಾರು ಸರ್, ಅವಳು?”

ಅವರು ತುರಿಮಣೆಯನ್ನು ಬದಿಗೆ ತಳ್ಳಿ ಎದ್ದರು. “ಚಟ್ನಿಗೆ ಹಸಿಮೆಣಸು ಎಷ್ಟು ಹಾಕ್ಲಿ? ನಿಮ್ಮ ಕಡೆಯೋರಿಗೆ ಖಾರ ಬೇಕಲ್ವಾ?”

ಮತ್ತೆಷ್ಟು ಕೇಳಿದರೂ ಆ ಬಾಗಿಲು ತೆರೆಯಲಿಲ್ಲ. ಅಷ್ಟರಲ್ಲಿ ಇಮ್ರಾನ್ ಬಂದ. ಶೆರಿಲ್ ಅವನು ಚಪ್ಪಲಿ ಬಿಡುವ ಮೊದಲೇ ಎಲ್ಲ ಹೇಳಿಬಿಟ್ಟಳು. ಅವನು ನಂಬಲಿಲ್ಲ. ಆಂಪ್ಲಿಫೈಯರ್ ಹಾಕಿ, ಒಂದು ಸ್ವರ ಹೊಡೆದು, ನನ್ನ ಹಾಗೆಯೇ ಅಂಗೈ ಇಟ್ಟು ನೋಡಿದ. ಅಂಗೈ ಅಲ್ಲೇ ಬಹಳ ಹೊತ್ತು ಇತ್ತು, ಜ್ವರ ಬಂದವರ ಹಣೆಯ ಮೇಲೆ ಇಟ್ಟ ಹಾಗೆ.

“ನನ್ನ ಮಂಗ್ಯಾ ಮಾಡಿದ್ರಿ ಸರ್ ನೀವು.”

“ಚೆನ್ನಾಗಿ ನುಡಿಸಿದೆ ನೀನು. ಅದು ಸುಳ್ಳಲ್ಲ.”

“ಫೆಬ್ರವರಿಗೆ ನಾ ಖರೇ ಆಂಪ್ಲಿಫೈಯರ್ ತರ್ತೀನಿ. ನೋಡೇ ಬಿಡೂಣು.”

ಆಗ ಶೆರಿಲ್ ಹೇಳಿದಳು, ಸರ್ ಕಡೆಗೂ ನೋಡದೆ, ಅವನ ಕಡೆಗೂ ನೋಡದೆ. “ಯಾವುದು ಬೇಕಾದ್ರೂ ತಾ. ನಾನು ಕೈ ಎತ್ತಿದ ಕೂಡ್ಲೇ ನಿಲ್ಲಿಸ್ಬೇಕು. ನಿಲ್ಲಿಸದಿದ್ರೆ ಮೈಕು ಇಟ್ಟು ಮನೆಗೆ ಹೋಗ್ತೇನೆ. ಇನ್ನು ನನ್ನ ಗಂಟಲಿನ ವಿಷಯ ಯಾರೂ ನನ್ನ ಹಿಂದಿನಿಂದ ತೀರ್ಮಾನ ಮಾಡುದು ಬೇಡ. ನೀನೂ ಬೇಡ. ಸರ್ ನೀವೂ ಬೇಡ.”

ಅವತ್ತು ದೋಸೆ ತಿನ್ನದೆ ಎದ್ದೆವು. ಡಬರಿಯ ಹಿಟ್ಟು ಉಬ್ಬಿರಲೂ ಇಲ್ಲ.

ಕಾರ್ಯಕ್ರಮದ ಹಿಂದಿನ ದಿನ ಇಮ್ರಾನನೇ ಆರ್.ಕೆ.ಪುರಂಗೆ ಹೋಗಿ ಪೆಟ್ಟಿಗೆ ಕೇಳಿದ. ಯಾಕೆಂದು ನಾವು ಕೇಳಲಿಲ್ಲ. ಬಾಡಿಗೆಯವು ಮೂರನ್ನು ನೋಡಿ ಬಂದಿದ್ದನೆಂದು, ಯಾವುದರಲ್ಲೂ ಆ ದನಿ ಸಿಕ್ಕಲಿಲ್ಲವೆಂದು ಆಮೇಲೆ ಬಾಯಿಬಿಟ್ಟ. ಸರ್ ಒಳಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಚಿಕ್ಕ ಪೆಟ್ಟಿಗೆಯನ್ನು ಹೊರಗೆ ತೆಗೆದು, ದೊಡ್ಡದರಿಂದ ಅದಕ್ಕೆ ಒಂದು ತೆಳು ತಂತಿ ಎಳೆದು, ಹಲಗೆಯನ್ನು ಮತ್ತೆ ಬಿಗಿದೇ ಕೊಟ್ಟರಂತೆ. ತಾರಸಿಯ ಮೇಲೆ ದೊಡ್ಡದು ವಾಲ್ವ್ ಹೊಳೆಯಿಸುತ್ತ ನಿಂತಿತು. ಟಿಫಿನ್ ಡಬ್ಬಿಯಂಥ ಚಿಕ್ಕದು ಪಕ್ಕದ ಕುರ್ಚಿಯ ಮೇಲೆ ಕೂತಿತು. ಇಮ್ರಾನ್ ಅದರ ಮೇಲೆ ತನ್ನ ಜಾಕೆಟ್ಟು ಹಾಕಿದ. ಶೆರಿಲ್ ತೆಗೆದಳು. ಅವನು ಮತ್ತೆ ಹಾಕಿದ. ಅವಳು ಮತ್ತೆ ತೆಗೆದಳು.

ಸರ್ ಬಂದಿದ್ದರು. ಮೆಟ್ಟಿಲ ಬಾಗಿಲ ಹತ್ತಿರ ಅದೇ ಶಾಲು ಹೊದ್ದು ನಿಂತಿದ್ದರು. ಕೊನೆಯ ಹಾಡು, ಎತ್ತರದ ಸಾಲು ಬಂತು. ಶೆರಿಲ್ ಕೈ ಮೇಲೆದ್ದಿತು. ಬಾಗಿಲ ಹತ್ತಿರವೂ ಒಂದು ಕೈ ಎದ್ದಿತು. ಇಮ್ರಾನ್ ನಿಲ್ಲಿಸಿದ. ಕೆನ್ನೆ ಉಬ್ಬಿಸಿಕೊಂಡು, ಗಿಟಾರಿನ ತಂತಿಗಳ ಮೇಲೆ ಅಂಗೈ ಒತ್ತಿ, ಒಂದು ಸುತ್ತು ಪೂರ್ತಿ ಸುಮ್ಮನೆ ನಿಂತ. ಆ ಖಾಲಿ ಜಾಗದಲ್ಲಿ ನನ್ನ ಬೇಸಿನ ಒಂದೊಂದು ಸ್ವರದ ಮೇಲೆ ಅವಳು ಕಾಲಿಟ್ಟುಕೊಂಡು ನಡೆದ ಹಾಗೆ ಹಾಡಿದಳು. ದನಿ ಹರಿಯಲಿಲ್ಲ. ಅವನು ನಿಂತದ್ದು ಯಾರ ಕೈ ನೋಡಿ ಎಂದು ಇವತ್ತಿಗೂ ಹೇಳಿಲ್ಲ. ಹಾಡು ಮುಗಿದಾಗ ಬಾಗಿಲ ಹತ್ತಿರ ಯಾರೂ ಇರಲಿಲ್ಲ.

ಮುಗಿದ ಮೇಲೆ ಒಬ್ಬ ಹುಡುಗ ಬಂದು ದೊಡ್ಡ ಪೆಟ್ಟಿಗೆಯನ್ನು ಸವರಿ, “ಭಾಯಿ, ಟ್ಯೂಬ್ ಕಾ ಸೌಂಡ್ ಹೀ ಅಲಗ್ ಹೈ!” ಎಂದ. ವಾಲ್ವಿನ ದನಿಯೇ ಬೇರೆ, ಅಂತ. ಇಮ್ರಾನ್ ಗಂಭೀರವಾಗಿ, “ಎದಿಗೆ ಬಡೀತದ” ಎಂಬುದನ್ನು ಹಿಂದಿಯಲ್ಲಿ ಹೇಳಿ ಕೈ ಕುಲುಕಿದ.

ಮಾರ್ಚ್ ಕೊನೆಗೆ ಸರ್ ನಿವೃತ್ತರಾಗುವವರಿದ್ದರು. ಅದರ ಮರು ಭಾನುವಾರ ಹೋದರೆ ಬಾಗಿಲಿಗೆ ಸರ್ಕಾರಿ ಬೀಗ. ಪಕ್ಕದ ಮನೆಯ ಆಂಟಿ, ಈ ಕ್ವಾರ್ಟರ್ಸಿನಲ್ಲೇ ಮದುವೆಯಾಗಿ ಬಂದು ಮುದುಕಿಯಾದವರು, ಪೆಟ್ಟಿಗೆಗಳೆರಡನ್ನೂ ಹೊರಗೆ ತಳ್ಳಿ, “ಯೇ ಆಪ್ ಬಚ್ಚೋಂ ಕೇ ಲಿಯೇ” ಎಂದರು. ಮಕ್ಕಳಿಗೆ ಕೊಡಿ ಎಂದು ಸರ್ ಹೇಳಿಹೋಗಿದ್ದರಂತೆ. ಎಲ್ಲಿಗೆ ಹೋದರು ಎಂದರೆ ಆಂಟಿಗೆ ಗೊತ್ತಿಲ್ಲ. ಮೈಸೂರಿಗಾ ಎಂದರೆ, “ಮೈಸೂರ್ ಮೇಂ ಉನ್ಕಾ ಕೌನ್ ಹೈ?” ಎಂದು ನಮ್ಮನ್ನೇ ಕೇಳಿದರು, ಅಲ್ಲಿ ಅವರಿಗೆ ಯಾರಿದ್ದಾರೆ ಎಂದು. ಆಮೇಲೆ ಲಿಫ್ಟಿಲ್ಲದ ಮೆಟ್ಟಿಲಲ್ಲಿ ನಾವು ಪೆಟ್ಟಿಗೆ ಇಳಿಸುವಾಗ ಮೇಲಿಂದ ಇನ್ನೊಂದು ಮಾತು ಹೇಳಿದರು. ಅದನ್ನು ಕನ್ನಡದಲ್ಲಿ ಬರೆಯುತ್ತೇನೆ. ನೀವೆಲ್ಲ ಬರುವುದಕ್ಕೆ ಎಷ್ಟೋ ಮುಂಚೆ, ಮೊದಮೊದಲು, ಬಹಳ ಗಲಾಟೆ ಇತ್ತು ಅವರದು, ಪಾತ್ರೆಗಳು ಅದುರುತ್ತಿದ್ದವು, ಒಬ್ಬ ಹುಡುಗಿ ಹಾಡುತ್ತಿದ್ದಳು. ಆಮೇಲೆ ಒಂದು ದಿನದಿಂದ ಆ ಗಲಾಟೆಯೂ ಇಲ್ಲ, ಆ ಹುಡುಗಿಯೂ ಇಲ್ಲ.

ಪೆಟ್ಟಿಗೆ ಇಮ್ರಾನನ ಮನೆಯಲ್ಲಿ ಧೂಳು ತಿನ್ನುತ್ತಿತ್ತು. ಅಕ್ಟೋಬರಿನಲ್ಲಿ ಡಾಕ್ಟರು ಶೆರಿಲ್ ಗಂಟಲಿನ ಗಂಟು ಕರಗಿದೆ ಎಂದರು. ಸಂತೋಷಕ್ಕೆ ಇಮ್ರಾನ್ ಮಾಡಿದ ಮೊದಲ ಕೆಲಸ ಆಂಪ್ಲಿಫೈಯರನ್ನು ಆಟೋದಲ್ಲಿ ಹಾಕಿಕೊಂಡು ನೊಯ್ಡಾಕ್ಕೆ ತಂದದ್ದು. “ಇನ್ನ ಖರೇ ದನಿ ಕೇಳೂಣು. ಬಿಚ್ಚು.”

ಬಿಚ್ಚಿದೆ. ದೊಡ್ಡ ಸ್ಪೀಕರು ಹೊಸದರ ಹಾಗೆ ಇದೆ. ವಾಲ್ವುಗಳಿಂದ ಅದಕ್ಕೆ ಹೋಗುವ ತಂತಿಯನ್ನು ಕತ್ತರಿಸಿದ್ದಾರೆ. ಸುಟ್ಟದ್ದಲ್ಲ, ಇಕ್ಕಳದಿಂದ ನೇರವಾಗಿ ಕತ್ತರಿಸಿದ್ದು. ಸ್ಪೀಕರಿನ ಜಾಗದಲ್ಲಿ ಬೆರಳುದ್ದದ, ಬಿಳಿಯ ಕಲ್ಲಿನಂಥ ಒಂದು ಪಿಂಗಾಣಿ ರೆಸಿಸ್ಟರನ್ನು ಕಟ್ಟಿದ್ದಾರೆ. ವಾಲ್ವುಗಳ ಶಕ್ತಿಯೆಲ್ಲ ಆ ಕಲ್ಲಿಗೆ ಹೋಗಿ ಬರಿಯ ಶಾಖವಾಗುತ್ತದೆ. ಅದರಿಂದ ಒಂದು ಚಮಚದಷ್ಟು ಮಾತ್ರ ಚಿಕ್ಕ ಪೆಟ್ಟಿಗೆಗೆ ಬರುವಂತೆ ಮಾಡಿದ್ದಾರೆ. ಅಂದರೆ ಇಮ್ರಾನ್ ನುಡಿಸಿದ್ದು ನಿಜವಾದ ವಾಲ್ವಿನಲ್ಲೇ. ಅವನ ಅಬ್ಬರವೆಲ್ಲ ಕಲ್ಲಿಗೆ ಹೋಗಿ, ಕಲ್ಲಿನಿಂದ ಡಬರಿಗೆ ಹೋಯಿತು. ಆ ಚಳಿಗಾಲವಿಡೀ ನಾವು ತಿಂದದ್ದು ಅದನ್ನು.

ಇಷ್ಟಕ್ಕೇ ಮುಗಿದಿದ್ದರೆ ಒಬ್ಬ ಹಿರಿಯರು ಒಂದು ಹುಡುಗಿಯ ಗಂಟಲು ಕಾಯಲು ಮಾಡಿದ ಉಪಾಯ ಎಂದು ಬರೆದು ಕೈಮುಗಿಯುತ್ತಿದ್ದೆ. ಆದರೆ ಕತ್ತರಿಸಿದ ತುದಿಗಳಿಗೆ ಸುತ್ತಿದ ಕಪ್ಪು ಟೇಪು ಒಣಗಿ ಪುಡಿಯಾಗುತ್ತಿದೆ. ಅದರ ಮೇಲಿನ ಧೂಳು ನಮ್ಮ ಈ ಒಂದು ವರ್ಷದ್ದಲ್ಲ. ಚಿಕ್ಕ ಪೆಟ್ಟಿಗೆ ಕೂತಿದ್ದ ಮೂಲೆಯ ಮರದಲ್ಲಿ ಅದರವಲ್ಲದ ಬೇರೆ ಸ್ಕ್ರೂಗಳ ತೂತುಗಳಿವೆ, ಒಂದು ಜೊತೆಯಲ್ಲ, ಎರಡು ಜೊತೆ. ನಮಗಿಂತ ಮುಂಚೆ ಅಲ್ಲಿ ಬೇರೆ ಪೆಟ್ಟಿಗೆಗಳು ಕೂತಿದ್ದವು. ನಮಗಿಂತ ಮುಂಚೆ ಬೇರೆ ಇಮ್ರಾನರು ಕಣ್ಣು ಮುಚ್ಚಿ ನುಡಿಸಿದ್ದಾರೆ, ಬೇರೆ ಶೆರಿಲ್‌ಗಳು ಹಾಡಿದ್ದಾರೆ. ಅವರಿಗೆ ಯಾರೂ ಹೇಳಿದ ಹಾಗಿಲ್ಲ.

ಮತ್ತೆ ‘ಅವಳು’. ಆ ಮಾತನ್ನು ಸರ್ ಬಾಯಿ ತಪ್ಪಿ ಆಡಿದರೋ, ಶೆರಿಲ್ ಕೋಪ ಇಳಿಸಲು ಬೇಕೆಂದೇ ಆಡಿದರೋ ನನಗೆ ತಿಳಿಯದು. ಒಂದು ಪೆಟ್ಟಿಗೆಗೆ ಮೂರು ಜಾತಕ ಬರೆದವರು ಒಬ್ಬ ಹುಡುಗಿಯನ್ನೂ ಹುಟ್ಟಿಸಬಲ್ಲರು. ಆದರೆ ಆಂಟಿಯ ಮನೆಯ ಪಾತ್ರೆಗಳು ಅದುರಿದ್ದು ಸುಳ್ಳಾಗಲಾರದು. ಇಕ್ಕಳ ಹಿಡಿದು ತಂತಿ ಕತ್ತರಿಸಿದ ದಿನ ಆ ಕೋಣೆಯಲ್ಲಿ ಏನೋ ಆಗಿತ್ತು. ವಾಲ್ವನ್ನು ಎಸೆಯದೆ, ಮಾರದೆ, ಸ್ಪೀಕರನ್ನು ಮಾತ್ರ ಮೂಗ ಮಾಡಿ, ಅದರ ಮೇಲೆ ದೋಸೆ ಹಿಟ್ಟು ಇಟ್ಟುಕೊಂಡು ಬದುಕಿದ್ದಾರೆ.

ಶೆರಿಲ್ ಹೇಳುವುದು ಇಷ್ಟೇ. “ನನಗೆ ಹೆದರಿಕೆ ಇಲ್ಲ, ದೊಡ್ಡದರ ಎದುರೂ ಹಾಡ್ತೇನೆ. ಆದ್ರೆ ಅದು ಕೊನೇ ಸಲ ಯಾರ ಎದುರು ಕೂಗಿದ್ದು ಅಂತ ಗೊತ್ತಾಗದೆ ಅದರ ಬಾಯಿ ಬಿಚ್ಚುದು ಬೇಡ.” ಇಮ್ರಾನ್ ನಿನ್ನೆಯಿಂದ ಮಾತ್ರ ತಂತಿಯ ಮಾತೆತ್ತಿಲ್ಲ. ಇವತ್ತು ಬೆಳಿಗ್ಗೆ ಬಂದು, ಪೆಟ್ಟಿಗೆ ಹಾಕಿ, ಅದರ ಮೇಲೆ ಟವೆಲು ಹಾಸಿ, ತಾನೇ ರುಬ್ಬಿದ, ಅಕ್ಕಿ ಉದ್ದು ಎರಡರ ಅಳತೆಯೂ ತಪ್ಪಿದ ಒಂದು ಡಬ್ಬಿ ಹಿಟ್ಟು ಇಟ್ಟು, ಕೆನ್ನೆ ಉಬ್ಬಿಸಿಕೊಂಡು ನುಡಿಸುತ್ತ ಕೂತಿದ್ದಾನೆ. ನಾನು ಬರೆಯುತ್ತಿರುವಾಗಲೂ ನುಡಿಸುತ್ತಿದ್ದಾನೆ. ಹಿಟ್ಟು ಇನ್ನೂ ಎದ್ದಿಲ್ಲ.

ಆರ್.ಕೆ.ಪುರಂ ಕಡೆ, ಅಥವಾ ಮುಂಚೆ ಅಲ್ಲಿದ್ದರೋ ಏನೋ, ಕಿದ್ವಾಯಿ ನಗರದ ಹಳೆಯ ಕ್ವಾರ್ಟರ್ಸುಗಳಲ್ಲಿ, ಭಾನುವಾರ ಬೆಳಿಗ್ಗೆ ಶಾಲು ಹೊದ್ದ ಒಬ್ಬ ಕನ್ನಡದವರ ಮನೆಯಲ್ಲಿ ನೀವು ಗಿಟಾರು ನುಡಿಸಿದ್ದರೆ, ಬಿಸಿ ಪೆಟ್ಟಿಗೆಯ ಮೇಲಿಂದ ಇಳಿಸಿದ ಹಿಟ್ಟಿನ ದೋಸೆ ತಿಂದಿದ್ದರೆ, ಈ ಬರಹ ಅಚ್ಚಾದ ಪತ್ರಿಕೆಯ ಮೂಲಕ ನನಗೆ ಬರೆಯಿರಿ. ದೊಡ್ಡ ಸ್ಪೀಕರು ಆಗ ಮಾತಾಡುತ್ತಿತ್ತೇ, ಅದನ್ನು ತಿಳಿಸಿ. ಅಲ್ಲಿ ಹಾಡಿದವರು ನೀವೇ ಆಗಿದ್ದರೆ ಉಳಿದ ಯಾವುದನ್ನೂ ಬರೆಯಬೇಕಾಗಿಲ್ಲ. ನಿಮ್ಮ ಗಂಟಲು ಈಗ ಹೇಗಿದೆ ಎಂದಷ್ಟು ತಿಳಿಸಿದರೆ ಸಾಕು. ಅಲ್ಲಿಯವರೆಗೆ ತಂತಿ ಹಾಗೇ ಇರುತ್ತದೆ.